ಆಗಸ್ಟಿನಲ್ಲಿ ಎದ್ದ ಬಸವನಹುಳುಗಳು

ಮನೆ ಮುಂದೆ ತೋಟ ಮಾಡಿ, ಅದಕ್ಕೆ ನೀರು ಹಾಕಕೂಡದು ಎಂದು ಹೆಂಡತಿ ಆಜ್ಞೆ ಹೊರಡಿಸಿದ ಮನೆ ಗ್ರೀಸಿನ ಇಡೀ ಕ್ರೀಟ್ ದ್ವೀಪದಲ್ಲಿ ನನ್ನದೊಂದೇ ಇರಬೇಕು. ನಮ್ಮ ಮಹಾರಾಯಿತಿ ಎವಾಂತಿಯಾ ಗುಲಾಬಿಗಳನ್ನೆಲ್ಲ ಕಿತ್ತೆಸೆದು, ಗುಡ್ಡದಲ್ಲಿ ಮೇಕೆಯೂ ಮೂಸದ ಬೂದು ಪೊದೆಗಳನ್ನು ತಂದು ನೆಟ್ಟಳು. ಚಳಿಗಾಲದ ಮಳೆಯೇ ಅವಕ್ಕೆ ಸಾಕಂತೆ! ಆಗಸ್ಟ್ ಬಂತು; ನಮ್ಮಲ್ಲಿ ಅದು ಹನಿ ಮಳೆಯಿಲ್ಲದ ಕಡುಬೇಸಿಗೆ. ಎಲೆಯೆಲ್ಲ ಉದುರಿ ಬರೀ ಕಡ್ಡಿಗಳು ನಿಂತವು.

"ಸತ್ತೇ ಹೋದವು ಕಣೇ!" ಅಂದೆ.

"ಸತ್ತಿಲ್ಲ ರೀ, ಬೇಸಿಗೆ ನಿದ್ದೆ ಮಾಡ್ತಿವೆ. ಎಬ್ಬಿಸಬೇಡಿ."

(ನೋಡಿದಿರಾ? ಮಧ್ಯಾಹ್ನ ನಾನು ಅರ್ಧ ಗಂಟೆ ಒರಗಿದರೆ ಸೋಮಾರಿ. ಕಡ್ಡಿಗಳಿಗೆ ಇಡೀ ಬೇಸಿಗೆ ರಜೆ!)

ಹದಿನೈದಕ್ಕೆ ಮಾತೆ ಮರಿಯಳ ಹಬ್ಬ. ಅಥೆನ್ಸಿನಿಂದ ನನ್ನ ಅಕ್ಕ ಅರ್ಗಿರೋ ಬರುತ್ತಾಳೆ. ಹೋದ ವರ್ಷ ನನ್ನ ಹೊಟ್ಟೆಯ ಬಗ್ಗೆ ಅವಳಾಡಿದ ಮಾತು ಈಸ್ಟರ್‌ವರೆಗೂ ಊರೆಲ್ಲ ಸುತ್ತಿತ್ತು. ಇನ್ನು ಈ ಸ್ಮಶಾನ ಕಂಡರೆ ಬಿಟ್ಟಾಳೆಯೇ?

ಹಬ್ಬಕ್ಕೆ ಮುಂಚಿನ ಎರಡು ವಾರ ಪ್ರತಿ ಸಂಜೆಯೂ ಎವಾಂತಿಯಾ ತಪ್ಪದೆ ಚರ್ಚಿಗೆ ಪ್ರಾರ್ಥನೆಗೆ ಹೋಗುತ್ತಾಳೆ. ಗಂಟೆ ಬಾರಿಸಿದ್ದೇ ತಡ, ನಾನು ಪೈಪು ಹಿಡಿದು ಭಗೀರಥ ಪ್ರಯತ್ನಕ್ಕೆ ಇಳಿಯುತ್ತಿದ್ದೆ. ಊರಿನಲ್ಲಿ ನೀರಿಗೆ ಬರ. ನಲ್ಲಿ ನೀರನ್ನು ತೋಟಕ್ಕೆ ಹಾಕಿದವನು ಸಿಕ್ಕಿಬಿದ್ದರೆ ಕಾಫಿ ಅಂಗಡಿಯಲ್ಲಿ ತಲೆಯೆತ್ತುವಂತಿಲ್ಲ. ಆದರೂ ಅಕ್ಕನ ಬಾಯಿಯ ಮುಂದೆ ಊರಿನ ಬಾಯಿ ಚಿಕ್ಕದು ಎಂದುಕೊಂಡೆ.

ಗಿಡಗಳು ಏಳಲಿಲ್ಲ, ಬುಡ ಕೊಳೆತು ಕಪ್ಪಾದವು. ಎದ್ದದ್ದು ಬಸವನಹುಳುಗಳು! ಕಲ್ಲಿನ ಸಂದಿಯಲ್ಲಿ ಚಿಪ್ಪಿನ ಬಾಗಿಲು ಮುಚ್ಚಿ ಮಲಗಿದ್ದವು, ಅಕ್ಟೋಬರಿನ ಮಳೆಯೇ ಬಂತೆಂದು ನಂಬಿ ಸಂಸಾರಸಮೇತ ಅಂಗಳದ ತುಂಬ ದಿಬ್ಬಣ ಹೊರಟವು.

ಹಬ್ಬದ ಹಿಂದಿನ ಸಂಜೆ ಎವಾಂತಿಯಾ ಬೇಗನೆ ಬಂದುಬಿಟ್ಟಳು. ಜೊತೆಗೆ ಪಾದ್ರಿ, ಪಕ್ಕದ ಮನೆಯ ಗರಿಫಾಲಿಯಾ, ಆಗಷ್ಟೇ ಬಸ್ಸಿಳಿದ ನನ್ನಕ್ಕ! ಪೈಪನ್ನು ಗೋಡೆಯಾಚೆ ಎಸೆದೆ.

"ಅಯ್ಯೋ ದೇವರೇ! ಮೋಡ ಇಲ್ಲ, ಮಳೆ ಇಲ್ಲ, ಇಷ್ಟೊಂದು ಬಸವನಹುಳು!" ಗರಿಫಾಲಿಯಾ ಕಿರುಚಿದಳು. "ನೀರೆಲ್ಲಿಂದ ಬಂತು ಸ್ಟ್ರಾಟಿಸಣ್ಣ? ನಮ್ಮನೆ ನಲ್ಲೀಲಿ ಬರೀ ಗಾಳಿ ಬರ್ತಿದೆ!"

ನನ್ನ ಗಂಟಲು ಒಣಗಿತು. (ಆ ಅಂಗಳದಲ್ಲಿ ಒಣಗಿದ್ದದ್ದು ಅದೊಂದೇ.)

"ಪ... ಪವಾಡ!" ಅಂದುಬಿಟ್ಟೆ. "ಮಾತೆಯ ಪವಾಡ!"

ಗರಿಫಾಲಿಯಾ ಮೊಣಕಾಲೂರಿದಳು. ಅಕ್ಕ ಶಿಲುಬೆಯ ಗುರುತು ಹಾಕಿಕೊಂಡು, "ನಿನ್ನ ಅಂಗಳ ನೋಡಿ ನಗೋಣ ಅಂತ ಬಂದ್ರೆ, ಕೈಮುಗಿಯೋ ಹಾಗಾಯ್ತಲ್ಲೋ ತಮ್ಮಾ!" ಅಂದಳು. ಗೆದ್ದೆ! ನನಗೆ ಹಿಡಿಸಲಾರದಷ್ಟು ಖುಷಿ.

ಎವಾಂತಿಯಾ ಮಾತ್ರ ಒಂದು ಗಿಡ ಕಿತ್ತು, ಕೊಳೆತ ಬೇರನ್ನು ಮೂಸಿದಳು. ನನ್ನ ಒದ್ದೆ ಚಪ್ಪಲಿಯನ್ನು ನೋಡಿದಳು. ಆಮೇಲೆ ಪರಮ ಭಕ್ತಿಯಿಂದ ಪಾದ್ರಿಯತ್ತ ತಿರುಗಿದಳು.

"ಪವಾಡ ಸುಮ್ನೆ ಆಗತ್ತಾ ಫಾದರ್? ನಮ್ಮೆಜಮಾನ್ರು ಹರಕೆ ಹೊತ್ತಿದ್ರು. ನಿಜವಾದ ಮಳೆ ಬರೋವರೆಗೂ ಮಾಂಸ, ವೈನ್ ಎರಡೂ ಮುಟ್ಟಲ್ಲ ಅಂತ. ಅಲ್ವೇನ್ರೀ?"

ಅಲ್ಲ ಎಂದರೆ ನೀರುಗಳ್ಳ, ಹೌದು ಎಂದರೆ ಸನ್ಯಾಸಿ.

"ಹೂಂ," ಅಂದೆ. ಪಾದ್ರಿ ತಲೆಯ ಮೇಲೆ ಕೈಯಿಟ್ಟು ಹರಸಿದರು.

ಮರುದಿನ ಹಬ್ಬದ ಊಟ. ಎದುರಿಗೆ ಅಕ್ಕ ಮೇಕೆಮರಿಯ ಸುಟ್ಟ ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನನ್ನ ತಟ್ಟೆಯಲ್ಲಿ ಬೇಯಿಸಿದ ಸೊಪ್ಪು. ಎವಾಂತಿಯಾ ಎಲ್ಲರಿಗೂ ವೈನ್ ಸುರಿದು, ನನ್ನ ಲೋಟಕ್ಕೆ ಕಂಠಮಟ್ಟ ನೀರು ತುಂಬಿದಳು.

"ಕುಡೀರಿ, ಸಂಕೋಚ ಬೇಡ," ಅಂದಳು. "ನಮ್ಮನೇಲಿ ನೀರಿಗೇನು ಬರ ಇಲ್ವಲ್ಲ!"