ಉಷ್ಣಮಾಪಕವನ್ನು ಹುಲ್ಲುಗಾವಲಿಗೆ ಮರಳಿಸಿದ ಅಪರಾಧ

ಇಂದ:
ಮಣ್ಣು ಸಂಗ್ರಹಕಾರ, ಇಪ್ಪತ್ತೆರಡು ವರ್ಷದ ಸೇವೆ
(ಕಚೇರಿಯಲ್ಲಿ "ಮಣ್ಣಣ್ಣ" ಎಂದರೆ ಮಾತ್ರ ಗುರುತು ಹತ್ತುವುದು),
ಹುಲ್ಲುಗಾವಲು ಸಂಶೋಧನಾ ಕೇಂದ್ರ

ಗೆ:
ಅಧ್ಯಕ್ಷರು, ಶಿಸ್ತು ಸಮಿತಿ, ಪ್ರಧಾನ ಕಚೇರಿ

ವಿಷಯ: ಕಚೇರಿ ಸಾಮಗ್ರಿಯನ್ನು ಅನುಮತಿಯಿಲ್ಲದೆ ಹೊರಗೆ ಸಾಗಿಸಿದ ಆರೋಪದಿಂದ ಬಿಡುಗಡೆ ಕೋರಿ.

ಉಲ್ಲೇಖ: ನಿರ್ದೇಶಕರ ಅಮಾನತು ಆದೇಶ, ಕಳೆದ ಸೋಮವಾರದ್ದು.

ಮಾನ್ಯರೇ,

೧. ಮಣ್ಣೊಳಗಿನ ಸೂಕ್ಷ್ಮಜೀವಿಗಳು ಕೊಳೆತ ಬೇರು, ಎಲೆ ತಿಂದು ಹುಲ್ಲಿಗೆ ಸಾರಜನಕ ಬಿಟ್ಟುಕೊಡುತ್ತವೆ. ಬೆಚ್ಚಗಿದ್ದರೆ ಬೇಗ, ಚಳಿಯಾದರೆ ನಿಧಾನ. ಎಷ್ಟು ಬಿಟ್ಟವು ಎಂದು ಮಣ್ಣು ಅಗೆದು ತಂದು ಅಳೆಯುವುದು ಅರ್ಜಿದಾರನ ಕೆಲಸ. ಹುಲ್ಲುಗಾವಲಲ್ಲಿ ಹೂತಿಟ್ಟ ಉಷ್ಣಮಾಪಕ ತೋರಿಸುವ ಮಣ್ಣಿನ ಬಿಸಿ ನೋಡಿ, ಎಷ್ಟು ಬಿಡಲಿವೆ ಎಂದು ಮೊದಲೇ ಹೇಳುವ ಕಂಪ್ಯೂಟರ್ ಮಾದರಿಯನ್ನು ಹೋದ ವರ್ಷ ಬಂದ ವಿಜ್ಞಾನಿ ಮೇಡಂ ತಯಾರಿಸಿದರು. ಅದನ್ನು ಕಟ್ಟಿದ್ದು ಅರ್ಜಿದಾರನ ಹಳೆಯ ಅಂಕಿಗಳ ಮೇಲೆಯೇ ಆದಕಾರಣ, ಅವನಿಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ.

೨. ಈ ವಸಂತದಲ್ಲಿ ಮಾದರಿಯು, ಸಾರಜನಕ ಧಾರಾಳವಾಗಿದೆ ಎಂದಿತು. ಆ ಕಾರಣ ನಿರ್ದೇಶಕರು ಗೊಬ್ಬರ ನಿಲ್ಲಿಸಿದರು. ಆ ಕಾರಣ ಹುಲ್ಲು ಹಳದಿಯಾಯಿತು. ಆ ಕಾರಣ ಕೇಂದ್ರದ ನಲವತ್ತು ಹಸುಗಳ ಪಕ್ಕೆಲುಬು ಎಣಿಸುವಂತಾಯಿತು. ಹಸು ನೋಡಿಕೊಳ್ಳುವ ಅಕ್ಕ ಪ್ರಯೋಗಾಲಯದ ಬಾಗಿಲಿಗೇ ಬಂದು ನಿಂತರು.

"ಮಣ್ಣಣ್ಣ, ಹುಲ್ಲು ಮಂಡಿಯುದ್ದ ಬೆಳೆದಿರುತ್ತೆ ಅಂತ ಕಾಗದ ಕಳಿಸಿದ್ದಾರೆ. ಹಸುಗಳಿಗೆ ಈ ಕಾಗದನೇ ಹಾಕ್ಲಾ?"

೩. ಅರ್ಜಿದಾರ ಮೂರು ಸಲ ಅಗೆದು ಅಳೆದ. ಮಾದರಿ ಹೇಳಿದ್ದರ ಕಾಲು ಭಾಗವೂ ಇರಲಿಲ್ಲ. ನಿರ್ದೇಶಕರು ವರದಿಯನ್ನು ಪಕ್ಕಕ್ಕೆ ತಳ್ಳಿ, "ಕಂಪ್ಯೂಟರ್ ಸುಳ್ಳು ಹೇಳುತ್ತಾ? ನಿಮ್ಮ ಅಂಕಿ ತಿದ್ದಿಕೊಂಡು ಬನ್ನಿ," ಎಂದರು.

"ಕಾಗದದಲ್ಲಿ ತಿದ್ದಬಹುದು ಸಾರ್. ಹಸುವಿನ ಹೊಟ್ಟೇಲಿ ಹೇಗೆ ತಿದ್ದೋದು?" ಎಂದ ಅರ್ಜಿದಾರ. ಇದನ್ನು ಉದ್ಧಟತನವೆಂದು ದಾಖಲಿಸಲಾಗಿದೆ. ತಕರಾರಿಲ್ಲ.

೪. ಮೇಡಂ ಮಾತ್ರ, ಉಷ್ಣಮಾಪಕದಿಂದ ಮಾದರಿಗೆ ಬಂದ ಅಂಕಿಗಳ ಪಟ್ಟಿಯ ಮುಂದೆ ಕೂತರು. "ಹೊರಗೆ ಹೋದ್ರೆ ಕೈ ಮರಗಟ್ಟುತ್ತೆ. ನಿಮ್ಮ ಮಣ್ಣು ಮಾತ್ರ ಹೇಗೆ ಇಷ್ಟು ಬೆಚ್ಚಗಿದೆ ಮಣ್ಣಣ್ಣ?" ಎಂದರು. ಇಬ್ಬರೂ ಉಷ್ಣಮಾಪಕ ಹುಡುಕಿಕೊಂಡು ಹೊರಟರು. ಹುಲ್ಲುಗಾವಲಲ್ಲಿ ಅದರ ತೂತು ಮಾತ್ರ ಇತ್ತು. ಉಷ್ಣಮಾಪಕವು ನಿರ್ದೇಶಕರ ಕೊಠಡಿಯಲ್ಲಿ, ಹೀಟರಿನ ಪಕ್ಕದ ಹೂಕುಂಡದಲ್ಲಿ ಹಾಯಾಗಿ ನಿಂತಿತ್ತು.

"ಹೊರಗೆ ನೆನೆದು ಹಾಳಾಗುತ್ತೆ ಅಂತ ನಾನೇ ಇಡಿಸಿದ್ದು," ಎಂದರು ನಿರ್ದೇಶಕರು. "ಅಲ್ಲೂ ಮಣ್ಣೇ, ಇಲ್ಲೂ ಮಣ್ಣೇ. ಏನೀಗ?"

ಮೇಡಂ ತುಟಿ ಕಚ್ಚಿಕೊಂಡು ಕಿಟಕಿಯತ್ತ ತಿರುಗಿದರು. ಅರ್ಜಿದಾರ ಉಷ್ಣಮಾಪಕವನ್ನು ಕಿತ್ತುಕೊಂಡು ಹೋಗಿ, ಹುಲ್ಲುಗಾವಲಲ್ಲಿ ಹೂತು ಬಂದ.

೫. ಮುಂದಿನ ವಾರ ಮಾದರಿಯ ಅಂಕಿಯೂ ಗುದ್ದಲಿಯ ಅಂಕಿಯೂ ಅಣ್ಣತಮ್ಮಂದಿರಂತೆ ಹೊಂದಿಕೊಂಡವು. ಗೊಬ್ಬರ ಬಿತ್ತು, ಹುಲ್ಲು ಚಿಗುರಿತು. ಮಾದರಿಯ ದೋಷ ಪತ್ತೆಹಚ್ಚಿದ್ದಕ್ಕೆ ನಿರ್ದೇಶಕರಿಗೆ ಪ್ರಶಸ್ತಿ ಬಂತು. ಅರ್ಜಿದಾರನಿಗೆ ಅಮಾನತು ಬಂತು.

ಆದ್ದರಿಂದ, ಅಮಾನತು ರದ್ದುಪಡಿಸಿ, ಉಷ್ಣಮಾಪಕವನ್ನು ಇದ್ದಲ್ಲೇ ಬಿಡಲು ಅಪ್ಪಣೆಯಾಗಬೇಕೆಂದು ಕೋರಿಕೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ಮಣ್ಣಣ್ಣ

ಲಗತ್ತುಗಳು:
ಅಂಕಿಗಳ ಪಟ್ಟಿ, ತಿದ್ದದೆ ಇರುವುದು – ೧
ಹುಲ್ಲುಗಾವಲಿನ ಮಣ್ಣು, ಪೊಟ್ಟಣ – ೧
ಹೂಕುಂಡದ ಮಣ್ಣು, ಪೊಟ್ಟಣ – ೧ (ವ್ಯತ್ಯಾಸವಿಲ್ಲವೆಂದು ನಿರ್ದೇಶಕರ ಅಭಿಪ್ರಾಯ)

ವಿಶೇಷ ಸೂಚನೆ: ಉಷ್ಣಮಾಪಕವನ್ನು ನಿರ್ದೇಶಕರ ಕೊಠಡಿಗೆ ಮರಳಿಸಲೇಬೇಕೆಂದು ಸಮಿತಿ ತೀರ್ಮಾನಿಸಿದಲ್ಲಿ, ಮಾದರಿಯ ಲೆಕ್ಕದಲ್ಲಿ ಹುಲ್ಲು ಸಮೃದ್ಧವಾಗಿ ಬೆಳೆಯುವ ಜಾಗ ಅದೇ ಎಂದಾಗುವುದರಿಂದ, ನಲವತ್ತೂ ಹಸುಗಳನ್ನು ಅಲ್ಲಿಯೇ ಮೇಯಿಸಲು ಲಿಖಿತ ಅನುಮತಿ ದಯಪಾಲಿಸಬೇಕು. ಅಕ್ಕ ಅವುಗಳನ್ನು ಮೆಟ್ಟಿಲು ಹತ್ತಿಸಲು ಒಪ್ಪಿದ್ದಾರೆ.