ವಿಕ್ಟೋರಿಯಾ ಯಾರ್ಲಾ?

ಚಾಮರಾಜನಗರದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದ ಸೋಮೇಶನಿಗೆ ಆ ದಿನ ಎರಡು ಪರೀಕ್ಷೆ. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಗಳಲ್ಲಿ ಹೆಂಗಸರ ಪಾಡು ಎಂಬ ವಿಷಯದ ಮೇಲೆ ಸೆಮಿನಾರ್ ಮಾಡಬೇಕಿತ್ತು. ಅದು ಸಾಲದೆಂದು, ಸಹಪಾಠಿ ನಯನಾಳ ತಂದೆ, ಬೇಗೂರಿನ ನಂಜುಂಡಪ್ಪನವರು, ಮಗಳು ಮೆಚ್ಚಿದ ಹುಡುಗನನ್ನು ನೋಡಲು ಕಾಲೇಜಿಗೇ ಬರುವವರಿದ್ದರು.

ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದವನೇ ನಯನಾಳಿಗೆ ಫೋನು ಮಾಡಿ ಸೆಮಿನಾರಿನ ಮಾತು ಒಪ್ಪಿಸತೊಡಗಿದ. ಇಂಜಿನ್ನಿನ ಸದ್ದಿಗೆ ಗಂಟಲು ಏರಿಸಲೇಬೇಕಾಯಿತು.

"ಮದ್ವೆ ಆದ್ಮೇಲೆ ಹೆಂಡ್ತಿ ದುಡಿದದ್ದೆಲ್ಲ ಗಂಡಂದೇ ಕಣೆ. ತವರಿಂದ ತಂದಿದ್ದೂ ಅವಂದೇ. ಮನೆ ಬುಟ್ಟೋದ್ರೆ ಮಕ್ಳೂ ಸಿಗಕ್ಕಿಲ್ಲ."

ಪಕ್ಕದಲ್ಲಿದ್ದ ಹಂಗಳದ ಗುರುಮಲ್ಲಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಯಾರ್ನಲಾ ಈ ಪಾಟಿ ಎದರಿಸ್ತಿದ್ದೀಯೆ?"

"ಎದರಿಸ್ತಿಲ್ಲ ಕಣವ್ವ. ಇದೆಲ್ಲ ವಿಕ್ಟೋರಿಯಾ ಕಾಲ್ದಲ್ಲಿ..."

"ಅವಳ್ಯಾರ್ಲಾ? ಇನ್ನೊಬ್ಳು ಬೇರೆ ಅವ್ಳಾ?"

"ಅಯ್ಯೋ, ಅವ್ಳು ಸತ್ತೋಗವ್ಳೆ."

"ಸಾಯಿಸ್ಬುಟ್ಯಾ?"

ಬಸ್ಸಿನವರೆಲ್ಲ ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಸಿಡಿದೆದ್ದರು. ಗುರುಮಲ್ಲಮ್ಮ ಫೋನು ಕಿತ್ತುಕೊಂಡು, "ಇವನ್ನ ನಂಬಬ್ಯಾಡ ಕಣಮ್ಮಿ" ಎಂದು ನಯನಾಳಿಗೆ ಬುದ್ಧಿ ಹೇಳಿದರು. ಕಂಡಕ್ಟರ್ ರಾಚಯ್ಯ ತೀರ್ಪು ಕೊಟ್ಟ: "ಪಾಠದ ಮಾತು ಅಂತಾವ್ನೆ. ಕಾಲೇಜ್ ತಾವೇ ನಿಲ್ಲಿಸ್ತೀನಿ. ಇವನ ಮೇಷ್ಟ್ರನ್ನೇ ಕೇಳ್ಬುಡಿ."

ತರಗತಿಗೆ ಬಂದಾಗ ಸೋಮೇಶನ ಬೆನ್ನಿಗೆ ಏಳೆಂಟು ಜನ, ಕೋಳಿ ಕದ್ದವನನ್ನು ಹಿಡಿದು ತಂದವರ ಹಾಗೆ. ಪಾಠ ಹೇಳುವ ಮಂಗಳಗೌರಿ ಮೇಡಂ ಅವರ ದೂರು ಕೇಳಿ, ನಗು ತಡೆದುಕೊಂಡು ಹೇಳಿದರು: "ಅದು ನೂರೈವತ್ತು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ ಕಾನೂನು ಕಣಮ್ಮ. ಆಗಿನ ಕತೆ ಅರ್ಥ ಆಗ್ಬೇಕಾದ್ರೆ ಆಗಿನ ಕಾನೂನೂ ಓದ್ಬೇಕು. ಇವನು ಓದಿದ್ದನ್ನ ಹೇಳ್ದ, ಅಷ್ಟೆ."

ಗುರುಮಲ್ಲಮ್ಮ ಬಿಡಲಿಲ್ಲ. "ಆಗ್ಲಿ. ಈಗ ನೀನೇನಂದೀಯೆ, ಅದ ಏಳ್ಲಾ."

ಹೋದ ಮಾನ ತರಲು ಇದೇ ಸಮಯವೆಂದು ಸೋಮೇಶ ಎದೆಯುಬ್ಬಿಸಿದ. "ಅಂಥ ಕಾಲ ಮತ್ತೆ ಬರಬಾರ್ದು ಕಣವ್ವ. ನನ್ ಹೆಂಡ್ತಿಗೆ ಅವಳಪ್ಪನ ಜಮೀನಲ್ಲಿ ಅಣ್ತಮ್ಮಂದ್ರ ಸಮಕ್ಕೆ ಪಾಲು ಬರ್ಬೇಕು. ಕೋರ್ಟಿಗೋಗಾದ್ರೂ ಕೊಡಿಸ್ತೀನಿ."

ಬಸ್ಸಿನವರು, ತರಗತಿಯವರು, ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿದ್ದವರೊಬ್ಬರು ಮಾತ್ರ ತಟ್ಟಲಿಲ್ಲ. ನಂಜುಂಡಪ್ಪನವರು ಹೆಗಲ ಟವಲು ಕೊಡವುತ್ತ ನಿಂತಿದ್ದರು. ಪಕ್ಕದಲ್ಲಿ ನಯನಾ ಹಣೆಗೆ ಕೈಯಿಟ್ಟಿದ್ದಳು.

"ನಡಿಯವ್ವ, ಓಗನ," ಎಂದರು ಅವರು ಮಗಳಿಗೆ. "ಇವ ನಿನ್ನ ನೋಡಿಲ್ಲ. ಬೇಗೂರಿನ ನಮ್ ತೋಟ ನೋಡವ್ನೆ."