ಹನ್ನೊಂದು ಹಿತ್ತಾಳೆ ಕೊಡ

ಸಂಗೀತಕ್ಕೆ ವೀಣೆ ಬೇಕು, ಪಿಟೀಲು ಬೇಕು, ಏನಿಲ್ಲವೆಂದರೂ ಒಂದು ಹಾರ್ಮೋನಿಯಂ ಬೇಕು ಎಂಬ ಮೂಢನಂಬಿಕೆಯನ್ನು ಅಡ್ಯಾರಿನಿಂದ ಬೇರುಸಹಿತ ಕಿತ್ತೆಸೆಯಲು 2003ರ ಬೇಸಿಗೆಯಲ್ಲಿ ನಾನು ಕಂಕಣ ತೊಟ್ಟೆ! ನಾನೆಂದರೆ ತಿರುಮಲೇಶ, ವಿಮಾ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಫೈಲು ಸರಿಸುತ್ತಿರುವವನು. ಯಾವುದೋ ದೇಶದ ಮಹಾನುಭಾವನೊಬ್ಬ ಬಾಗಿಲಿನ ಕಿರುಗುಟ್ಟುವಿಕೆ, ರೈಲಿನ ಸದ್ದು, ಪಾತ್ರೆ ಬೀಳುವ ಸದ್ದು ಎಲ್ಲವನ್ನೂ ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಿ ಸಂಗೀತ ಕಟ್ಟುತ್ತಾನೆಂದು ಪತ್ರಿಕೆಯಲ್ಲಿ ಓದಿದ್ದೆ. ಪಾತ್ರೆ ಬೀಳುವ ಸದ್ದಿಗೆ ನಮ್ಮ ಮನೆಯಲ್ಲಿ ಎಂದೂ ಬರವಿರಲಿಲ್ಲ. ಅವನಿಗಿಂತ ನಾನೇನು ಕಡಿಮೆ?

ಒಂದು ವಾರ ಕ್ಯಾಸೆಟ್ ರೆಕಾರ್ಡರ್ ಹಿಡಿದು ಮನೆಯೆಲ್ಲ ಅಲೆದೆ. ಗ್ರೈಂಡರಿನ ಮುಂದೆ ಕೂತೆ. ಕುಕ್ಕರಿನ ಸೀಟಿಗಾಗಿ ಉಸಿರು ಬಿಗಿಹಿಡಿದು ಕಾದೆ. ಒಗ್ಗರಣೆಯ ಹತ್ತಿರ ಮೈಕು ಹಿಡಿಯಲು ಹೋಗಿ ಮೀಸೆಗೆ ಸಾಸಿವೆ ಹಾರಿಸಿಕೊಂಡೆ. ಕಾಲೇಜಿಗೆ ಹೋಗುವ ಮಗಳು ವಿಭಾ ಎಲ್ಲ ಕೇಳಿ, "ಇದು ಮ್ಯೂಸಿಕ್ ಇಲ್ಲೆಪ್ಪಾ, ವೆರುಂ ಸತ್ತಂ" ಎಂದಳು. ಬರೀ ಗದ್ದಲವಂತೆ! ನಾವು ಮನೆಯಲ್ಲಿ ಕನ್ನಡ ಆಡಿದರೂ, ಈ ತಮಿಳು ಊರಿನಲ್ಲೇ ಹುಟ್ಟಿ ಬೆಳೆದ ಅವಳ ತೀರ್ಪುಗಳೆಲ್ಲ ತಮಿಳಿನಲ್ಲೇ ಬರುತ್ತವೆ.

ನಿಜವಾದ ಜ್ಞಾನೋದಯವಾದದ್ದು ನೀರಿನ ಲಾರಿಯ ಹಿಂದೆ. ಆ ವರ್ಷ ನಲ್ಲಿಗಳು ಒಣಗಿ, ಕನ್ನಡದವರೇ ತುಂಬಿರುವ ನಮ್ಮ ಫ್ಲ್ಯಾಟ್ಸಿಗೆ ಎರಡು ದಿನಕ್ಕೊಮ್ಮೆ ಲಾರಿ ಬರುತ್ತಿತ್ತು. ಮನೆಗೆ ಆರು ಕೊಡ, ಅದರ ಮೇಲೆ ಒಂದು ತೊಟ್ಟೂ ಇಲ್ಲ. ಸಾಲಿನಲ್ಲಿ ನನ್ನ ಹೆಂಡತಿ ನೀರಜಾ ಹಿಂದಕ್ಕೆ ತಿರುಗಿ ಯಾರೊಂದಿಗೋ ಮಾತಿಗಿಳಿದಿದ್ದಳು. ಪೈಪಿನ ಕೆಳಗಿದ್ದ ಕೊಡದ ಕಡೆ ನೋಡುವುದೇ ಇಲ್ಲ. ಆದರೂ ಅದು ತುಂಬುವ ಹೊತ್ತಿಗೆ ಸರಿಯಾಗಿ ಕೈ ಪೈಪಿಗೆ ಹೋಗುತ್ತದೆ. ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಕಿವಿಗೆ ಕೇಳಿಸಲ್ವೇನ್ರೀ?" ಎಂದಳು.

ಕಿವಿಗೊಟ್ಟೆ. ಹೌದಲ್ಲ! ತಳದಲ್ಲಿ ಗೊರಗೊರ ಎಂದು ಶುರುವಾದ ಸದ್ದು ನೀರು ಏರಿದಂತೆ ತಾನೂ ಏರುತ್ತ, ಕಂಠದ ಹತ್ತಿರ ಬಂದಾಗ ಮೇಲಿನ ಷಡ್ಜವನ್ನೇ ಮುಟ್ಟುತ್ತದೆ! ಪ್ಲಾಸ್ಟಿಕ್ ಕೊಡದ್ದು ನೆಗಡಿಯಾದವರ ದನಿ. ದೇವರ ನೀರಿಗೆ ಪ್ಲಾಸ್ಟಿಕ್ ಆಗದೆಂದು ನೀರಜಾ ತವರಿನಿಂದ ತಂದ ಹಿತ್ತಾಳೆ ಕೊಡ ಒಂದಿತ್ತು. ಇಡೀ ಫ್ಲ್ಯಾಟ್ಸಿಗೆ ಅಂಥದ್ದು ಅದೊಂದೇ. ಅದರ ದನಿ ಕೇಳಿ ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ನೀರು ಹೊತ್ತಿದ್ದೇನೆ, ಒಂದು ದಿನವೂ ಅದನ್ನು ಕೇಳಿಸಿಕೊಂಡಿರಲಿಲ್ಲ.

ಮುಂದಿನ ಲಾರಿಗೆ ರೆಕಾರ್ಡರ್ ಸಮೇತ ಹಾಜರಾದೆ. ಸಿಕ್ಕ ಸದ್ದನ್ನೆಲ್ಲ ವಿಭಾಳ ಕಂಪ್ಯೂಟರಿಗೆ ತುಂಬಿ ಮೂರು ವಾರ ಕತ್ತರಿಸಿದೆ, ಅಂಟಿಸಿದೆ. ಹಿತ್ತಾಳೆಯ ಮೇಲಿನ ಮೋಹದಿಂದ ಅದೊಂದೇ ಸದ್ದನ್ನು ಹನ್ನೊಂದು ಕಡೆ ಕೂರಿಸಿದೆ. 'ಜಲಘೋಷ' ಎಂದು ಹೆಸರಿಟ್ಟೆ.

ಯುಗಾದಿಯ ಮರುವಾರ ಕಾರ್ ಷೆಡ್ಡಿನಲ್ಲಿ ಫ್ಲ್ಯಾಟ್ಸಿನವರೆಲ್ಲ ಸೇರಿದ್ದಾಗ ಲೋಕಾರ್ಪಣೆ. ಸ್ಪೀಕರಿನಿಂದ ಮೊದಲ ಕೊಡ ತುಂಬಿದ್ದೇ ತಡ, ಹೆಂಗಸರು ಕಣ್ಣು ಮುಚ್ಚಿದರು. ಕೆಲವರು ಬೆರಳು ಮಡಿಸುತ್ತ ತಾಳ ಹಾಕತೊಡಗಿದರು. ಕಲೆ ಗೆದ್ದಿತೆಂದು ನಾನು ಹಿಗ್ಗಿ ಹೀರೇಕಾಯಿಯಾದೆ!

ಮುಗಿದಾಗ ಚಪ್ಪಾಳೆ ಬರಲಿಲ್ಲ. ಸಂಘದ ಕಾರ್ಯದರ್ಶಿ ನಾಗರತ್ನಮ್ಮನವರು ಎದ್ದು ನಿಂತರು. ಬ್ಯಾಂಕಿನಿಂದ ನಿವೃತ್ತರಾದವರು, ಲಾರಿ ಬಂದಾಗ ಸಾಲು ನೋಡಿಕೊಳ್ಳುವವರೂ ಅವರೇ.

"ತಿರುಮಲೇಶ್, ಹಿತ್ತಾಳೆ ಕೊಡ ಇರೋದು ನಿಮ್ಮನೇಲಿ ಮಾತ್ರ, ಅಲ್ವಾ?"

ಹೆಮ್ಮೆಯಿಂದ ಹೌದೆಂದೆ.

"ಹನ್ನೊಂದು ಸಲ ತುಂಬಿತು. ನಿಮ್ಮ ಲೆಕ್ಕ ಆರು."

ಬೆರಳುಗಳು ಹಾಕಿದ್ದು ಯಾವ ತಾಳವೆಂದು ಆಗ ಹೊಳೆಯಿತು! ಅಷ್ಟರಲ್ಲಿ ಮೂರನೇ ಮಹಡಿಯ ಪುಟ್ಟತಾಯಮ್ಮ ಹಿಂದಿನ ಕುರ್ಚಿಯಿಂದ ದೂರಿತ್ತರು. ಮಂಡಿನೋವಿನಿಂದ ಮೆಲ್ಲಗೆ ಇಳಿದು ಬರುವ ಆಕೆ ಸಾಲಿನಲ್ಲಿ ಯಾವಾಗಲೂ ಕೊನೆ. ಈ ರೆಕಾರ್ಡಿಂಗ್ ನಡೆದ ದಿನ ಆಕೆಯ ಆರನೆಯ ಕೊಡಕ್ಕೆ ಲಾರಿಯಲ್ಲಿ ನೀರೇ ಉಳಿದಿರಲಿಲ್ಲವಂತೆ. ನಾಗರತ್ನಮ್ಮನವರು ತೀರ್ಪು ಕೊಟ್ಟೇಬಿಟ್ಟರು: ಹೆಚ್ಚು ಹಿಡಿದದ್ದು ಐದು, ಮುಂದಿನ ಲಾರಿಗೆ ನಮ್ಮ ಮನೆಗೆ ಒಂದೇ ಕೊಡ.

ಅದು ಒಂದೇ ಕೊಡದ ಸದ್ದು, ನಾನೇ ಹನ್ನೊಂದು ಸಲ ಅಂಟಿಸಿದ್ದು ಎಂದು ಎಷ್ಟು ಬಡಕೊಂಡರೂ ಯಾರೂ ನಂಬಲಿಲ್ಲ. ನಾಗರತ್ನಮ್ಮನವರು ನಿಜವಾದ ಕುತೂಹಲದಿಂದಲೇ ಕೇಳಿದರು: "ತುಂಬಿದ ಕೊಡವನ್ನೇ ಹನ್ನೊಂದು ಸಲ ಯಾಕೆ ಕೇಳ್ಬೇಕು?"

ನೀರಜಾ ಹಿಂದಿನಿಂದ ಅಂಗಿ ಜಗ್ಗಿದಳು. "ರೀ, ಒಂದೇ ಕೊಡ ಸಾಕು ಅಂತ ಹೇಳಿ, ಮನೆಗೆ ಹೋಗೋಣ."

ಎಂಥ ಸಾಧ್ವಿ! ಇಂಥವಳ ಮೇಲೆ ಕಳವಿನ ಆರೋಪವೇ? ನನ್ನ ರಕ್ತ ಕುದಿಯಿತು. ಎರಡೆರಡು ಮೆಟ್ಟಿಲು ಹಾರಿ ಮನೆಗೆ ಹೋಗಿ ಮೂಲ ಕ್ಯಾಸೆಟ್ಟನ್ನೇ ತಂದೆ. ಅವಳು ಟೇಪ್ ರೆಕಾರ್ಡರಿಗೆ ಅಡ್ಡ ನಿಂತು, ಬೇಡ ರೀ, ಅದನ್ನು ಹಾಕಬೇಡಿ ಎಂದು ಎರಡು ಸಲ ಹೇಳಿದಳು. ಸಂಕೋಚದ ಸ್ವಭಾವ, ಪಾಪ. ಪಕ್ಕಕ್ಕೆ ಸರಿಸಿ ಗುಂಡಿ ಒತ್ತಿದೆ.

ಒಂದಾದ ಮೇಲೊಂದು ಐದು ಪ್ಲಾಸ್ಟಿಕ್ ಕೊಡ ತುಂಬಿದವು. ಸಭೆ ಬಾಯಿಬಿಟ್ಟೇ ಎಣಿಸಿತು. ಆರನೆಯದಾಗಿ ಹಿತ್ತಾಳೆ. ನಡುವೆ ಒಂದು ಆಟೋ ಹಾರ್ನು ಕೂಗಿ ಹೋಯಿತು, ಕೊಡ ತುಂಬಿತು.

"ನೋಡಿದ್ರಾ? ಹಿತ್ತಾಳೆ ಒಂದೇ ಸಲ!" ಎಂದು ನಾನು ಎರಡೂ ಕೈ ಎತ್ತಿದೆ. ಎತ್ತಿದ ಕೈಗಳಿಂದ ಟೇಪು ನಿಲ್ಲಿಸಲಾಗುವುದಿಲ್ಲ. ಅದು ಮುಂದೆ ಓಡಿತು. ಸ್ಪೀಕರಿನಲ್ಲಿ ನನ್ನದೇ ದನಿ!

"ಛೆ, ಆಟೋದವನು ಹಾಳು ಮಾಡಿದ. ಬಕೆಟ್ಟಿಗೆ ಸುರಿದು ಇನ್ನೊಂದ್ಸಲ ಹಿಡಿ."

"ನಮ್ಮ ಆರು ಆಯ್ತಲ್ರೀ."

"ಹಿಡಿಯೇ, ಯಾರು ಎಣಿಸ್ತಾರೆ?"

ಆಮೇಲೆ ಹಿತ್ತಾಳೆ ಕೊಡ ಎರಡನೆಯ ಸಲ, ಶುದ್ಧವಾಗಿ, ಒಂದು ಅಪಸ್ವರವೂ ಇಲ್ಲದೆ, ತಳದಿಂದ ಕಂಠದವರೆಗೆ ತುಂಬಿತು. ದೇವರಾಣೆ, ಹಾಗೆ ಹೇಳಿದ್ದು ನನಗೆ ಮರೆತೇ ಹೋಗಿತ್ತು. ನೀರಜಾಳಿಗೆ ಮರೆತಿರಲಿಲ್ಲ. ನನ್ನ ಮಾನ ಉಳಿಸಲೆಂದೇ ಅವಳು ಒಂದು ಕೊಡಕ್ಕೂ ಒಪ್ಪಿದ್ದಳು. ನಾನು ಅವಳನ್ನು ತಳ್ಳಿ ಗುಂಡಿ ಒತ್ತಿದ್ದೆ.

ಟೇಪು ನಿಂತ ಮೇಲೆ ಹಿಂದಿನ ಕುರ್ಚಿಯಿಂದ ಪುಟ್ಟತಾಯಮ್ಮ ಮೆಲ್ಲಗೆ ಹೇಳಿದರು: "ನಾನು ಎಣಿಸ್ದೆ ಕಣಪ್ಪಾ. ಐದಿತ್ತು."

ನನಗೆ ನಿಜಕ್ಕೂ ನಾಚಿಕೆಯಾಯಿತು. ಮುಂದಿನ ಲಾರಿಗೆ ನಮಗೆ ಐದೇ ಕೊಡ. ಆರನೆಯದನ್ನು, ಹಿತ್ತಾಳೆಯದನ್ನೇ, ಹೆಗಲ ಮೇಲಿಟ್ಟು ಲಿಫ್ಟಿಲ್ಲದ ಮೂರು ಮಹಡಿ ಹತ್ತಿ, ಪುಟ್ಟತಾಯಮ್ಮನ ಡ್ರಮ್ಮಿಗೆ ಸುರಿದು, ಅವರ ಬಾಗಿಲಲ್ಲೇ ಕುಸಿದು ಕೂತೆ. ಎದೆ ತಿದಿಯ ಹಾಗೆ ಬುಸುಗುಡುತ್ತಿತ್ತು. ಆಕೆ ಸ್ವಲ್ಪ ಹೊತ್ತು ತಲೆ ವಾಲಿಸಿ ನನ್ನ ಏದುಸಿರನ್ನೇ ಆಲಿಸಿದರು.

"ಇದನ್ನ ರೆಕಾರ್ಡ್ ಮಾಡ್ಕೊಳಪ್ಪಾ," ಎಂದರು. "ಇದಕ್ಕೆ ನೀರು ಬೇಕಾಗಲ್ಲ."